ಮಾಮನ ಅಲಸಂದಿ ನಾಯಿ

ಮೊನ್ನೆ ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆಯಲು ಹೋದಾಗ ಕಟ್ಟೆಯ ಮೇಲೊಂದು ಬೂಟು ಬಿದ್ದಿತ್ತು. ಕೆಂಪು ರಬ್ಬರಿನದು, ಒಂದು ಲಿಂಬೆಹಣ್ಣು ಹಿಡಿಸುವಷ್ಟು ಗಾತ್ರ. ಯಾವ ಮನೆಯ ಕೂಸೋ ಒದ್ದು ಹೋಗಿದೆ ಎಂದುಕೊಂಡು ಎತ್ತಿ ಕಿಟಕಿಯಲ್ಲಿಟ್ಟೆ. ಚಹಾ ಕುಡಿಯುವ ಹೊತ್ತಿಗೆ ಪಕ್ಕದ ಮನೆಯ ಸೊಸೆ ಬಂದಳು.

"ಅಜ್ಜೀ, ನಮ್ಮ ಬ್ರೂನೋಂದೊಂದು ಬೂಟು ಇಲ್ಲೆಲ್ಲರ ಬಿದ್ದೈತೇನ್ರಿ?"

ಬ್ರೂನೋ ಅವರ ನಾಯಿ. ಹಿಮದ ಮೇಲೆ ಬಂಡಿ ಎಳೆಯುವ ಜಾತಿಯಂತೆ. ಈಗ ವಿಜಯಪುರದಲ್ಲಿ ಕೂಲರಿನ ಮುಂದೆ ಕಾಲು ಚಾಚಿಕೊಂಡು, ತನ್ನನ್ನೇ ಯಾರಾದರೂ ಬಂಡಿಯಲ್ಲಿ ಹಾಕಿ ಎಳೆದುಕೊಂಡು ಹೋದಾರೇನೋ ಎಂದು ಕಾಯುತ್ತ ಬಿದ್ದಿರುತ್ತದೆ. ಬೂಟು ಕೊಟ್ಟೆ. ಅವಳು ಅಷ್ಟಕ್ಕೇ ಹೋಗಲಿಲ್ಲ. ಬ್ರೂನೋನ ಸ್ನಾನ, ಬ್ರೂನೋನ ಆಹಾರ, ಬ್ರೂನೋನ ಮನಸ್ಸು ಎಲ್ಲದರ ಮೇಲೂ ಒಂದು ವ್ಯಾಖ್ಯಾನ ಕೊಟ್ಟಳು. "ಆ ಜಾತಿನ ಹಂಗರಿ ಅಜ್ಜಿ, ಭಾಳ ಸೂಕ್ಷ್ಮ ಸ್ವಭಾವ" ಎಂದಳು.

ನಾನು ಹೂಂ ಎಂದೆ. ಆದರೆ ನಾಯಿಯ ಜಾತಿ ಮತ್ತು ಸ್ವಭಾವದ ಬಗ್ಗೆ ಯಾರಾದರೂ ಪಾಠ ಹೇಳತೊಡಗಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಾಯಿಯ ಮೇಲಲ್ಲ, ಪಾಠ ಹೇಳುವವರ ಮೇಲೆ. ನಾಯಿಗೊಂದು ಸ್ವಭಾವವಿರುತ್ತದೆ, ಒಪ್ಪಿದೆ. ಅದರ ಹಗ್ಗ ಹಿಡಿದವರಿಗೂ ಒಂದು ಸ್ವಭಾವವಿರುತ್ತದಲ್ಲ, ಅದನ್ನು ಯಾರೂ ವರ್ಣಿಸುವುದಿಲ್ಲ. ನಾನು ವರ್ಣಿಸಬಲ್ಲೆ. ಹದಿಹರೆಯದ ವರ್ಷಗಳನ್ನೆಲ್ಲ ಅಂಥ ಒಬ್ಬರ ಮನೆಯಲ್ಲಿ ಕಳೆದವಳು ನಾನು.

ಅದಕ್ಕೆ ಮೊದಲು ನಮ್ಮೂರ ನಾಯಿಯ ಮಾತು ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಬಬಲೇಶ್ವರದಲ್ಲಿ. ನಮ್ಮ ಮನೆಯಲ್ಲೂ ಒಂದು ನಾಯಿ ಇತ್ತು. ಇತ್ತು ಅನ್ನುವುದಕ್ಕಿಂತ ಬರುತ್ತಿತ್ತು ಅನ್ನುವುದೇ ಸರಿ. ಒಲೆ ಆರುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಕೂತಿರುತ್ತಿತ್ತು. ನನ್ನ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತಿದ್ದೆವು, ಹಿಟ್ಟು ನಾದುವ ಕೊಣಮಿಗೆಗೆ ಅಂಟಿದ್ದನ್ನೆಲ್ಲ ಕೆರೆದು ಒಟ್ಟು ಮಾಡಿ ಕೊನೆಗೊಂದು ಪುಟ್ಟ ರೊಟ್ಟಿ ತಟ್ಟುತ್ತಿದ್ದಳು. ಅದು ನಾಯಿಯ ಪಾಲು. ಹಂಚು ಆರುತ್ತ ಬಂದಿರುತ್ತಿದ್ದುದರಿಂದ ಆ ರೊಟ್ಟಿ ನಿಧಾನವಾಗಿ ಬೆಂದು ಹಪ್ಪಳದಂತೆ ಗರಿಗರಿಯಾಗುತ್ತಿತ್ತು. ನಾವು ಮಕ್ಕಳು ನಮ್ಮ ಪಾಲಿನ ಮೆತ್ತನ್ನ ರೊಟ್ಟಿ ಬಿಟ್ಟು ಅದಕ್ಕೇ ಕೈ ಚಾಚುತ್ತಿದ್ದೆವು. "ನಾಯಿ ರೊಟ್ಟಿ ತಿಂದ್ರ ಮುಂದಿನ ಜನ್ಮದಾಗ ಬೊಗಳ್ತೀರಿ ನೋಡ್ರಿ" ಎಂದು ಆಯಿ ಹೆದರಿಸುತ್ತಿದ್ದಳು. ಮುಂದಿನ ಜನ್ಮದವರೆಗೆ ಕಾಯಲಿಲ್ಲ, ನಾನು ಈಗಲೇ ಬೊಗಳುತ್ತಿದ್ದೇನೆ ಎಂದು ನನ್ನ ಮಕ್ಕಳು ಹೇಳುತ್ತಾರೆ. ಇರಲಿ. ಆ ನಾಯಿಯ ತಳಿ ಯಾವುದೆಂದು ನಾವ್ಯಾರೂ ಕೇಳಲಿಲ್ಲ. ಅದೂ ನಮ್ಮ ಕುಲ ಕೇಳಲಿಲ್ಲ. ರೊಟ್ಟಿ ತಿಂದು, ರಾತ್ರಿಯೆಲ್ಲ ಬಣವೆ ಕಾದು, ಬೆಳಿಗ್ಗೆ ತನ್ನ ಪಾಡಿಗೆ ಹೋಗುತ್ತಿತ್ತು.

ಐವತ್ತರ ದಶಕ ಮುಗಿಯುತ್ತಿದ್ದಾಗ ಹೈಸ್ಕೂಲು ಓದಲೆಂದು ನನ್ನನ್ನು ವಿಜಾಪುರಕ್ಕೆ ಕಳಿಸಿದರು. ಈಗಿನ ವಿಜಯಪುರವನ್ನು ಆಗ ನಾವು ಹಾಗೆಯೇ ಅನ್ನುತ್ತಿದ್ದೆವು. ಸೊಲ್ಲಾಪುರ ರಸ್ತೆಯ ಹತ್ತಿರ ನನ್ನ ಸೋದರಮಾವನ ಮನೆ. ಮಾಮ ವಕೀಲರು. ಕರಿ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಬೆತ್ತ. ಕೋರ್ಟಿನಲ್ಲಿ ಮಾಮನ ವಾದವನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಆದ್ದರಿಂದ ಉಳಿದ ವಾದವನ್ನೆಲ್ಲ ಅವರು ಮನೆಗೆ ತರುತ್ತಿದ್ದರು. ಮನೆಯಲ್ಲಿ ಇದ್ದವರು ಅತ್ತೆ ಮತ್ತು ನಾನು. ಅತ್ತೆಯ ಹೆಸರು ಗುರುಬಸವ್ವ, ತವರು ಟಿಕೋಟಾ. ಮಕ್ಕಳಿರಲಿಲ್ಲ. ಅತ್ತೆ ಕಡಿಮೆ ಮಾತಿನವಳು. ಮಾಮ ಇಬ್ಬರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಿದ್ದುದರಿಂದ ಅವಳಿಗೆ ಬೇರೆ ದಾರಿಯೂ ಇರಲಿಲ್ಲ.

ಮಾಮನಿಗೆ ನಾಯಿಯ ಹುಚ್ಚು ಹಿಡಿದದ್ದು ಒಂದು ಇಂಗ್ಲಿಷ್ ಪುಸ್ತಕದಿಂದ. ಅದರಲ್ಲಿ ಲೋಕದ ನಾಯಿಗಳದ್ದೆಲ್ಲ ಚಿತ್ರವಿತ್ತು, ಪ್ರತಿ ಚಿತ್ರದ ಕೆಳಗೆ ಗುಣವರ್ಣನೆ. ಇದು ಧೀರ, ಇದು ಚತುರ, ಇದು ಮಕ್ಕಳ ಮಿತ್ರ. ಮಾಮ ಸಂಜೆ ಆರಾಮ ಕುರ್ಚಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದಿ ನಮಗೆ ಅರ್ಥ ಹೇಳುತ್ತಿದ್ದರು. ಸಭೆಗಳಲ್ಲಿ ಜಾತಿ ಸುಟ್ಟುಹೋಗಬೇಕು ಎಂದು ಮೇಜು ಕುಟ್ಟಿ ಭಾಷಣ ಮಾಡುತ್ತಿದ್ದ ಮನುಷ್ಯ, ಮನೆಗೆ ಬಂದು ನಾಯಿಯ ಮುತ್ತಜ್ಜನ ಗೋತ್ರ ಹುಡುಕುತ್ತಿದ್ದರು.

ಮೊದಲು ಬಂದದ್ದು ಅತ್ತೆಯ ತವರಿನ ಕಾರವಾನಿ. ಟಿಕೋಟಾದ ಹೊಲಗಳಲ್ಲಿ ಮೊಲದ ಬೆನ್ನು ಹತ್ತುವ ನಾಯಿ, ಸಪೂರ ಸೊಂಟ, ಉದ್ದ ಮೂತಿ, ಎದುರಿಗೆ ನಿಂತರೆ ಒಂದು ಗೀಟು ಎಳೆದಂತೆ. ಕೆಂಚಿ ಅಂತ ಹೆಸರು. ಅದರ ಕೆಲಸ ಓಡುವುದು. ಓಡದ ಹೊತ್ತಿನಲ್ಲಿ ಯಾರ ಗೊಡವೆಯೂ ಇಲ್ಲದೆ ದೂರ ಕೂತು ಬಯಲು ನೋಡುವುದು. ಅಪರಿಚಿತರು ಮುಟ್ಟಿದರೆ ಅದಕ್ಕಾಗುವುದಿಲ್ಲ, ಜೋರಾಗಿ ಬೈದರೆ ಊಟ ಬಿಡುತ್ತದೆ. ಅಂಥ ನಾಯಿಯನ್ನು ಮಾಮ ಬಾಗಿಲ ಗೂಟಕ್ಕೆ ಮೊಳದುದ್ದದ ಸರಪಳಿಯಲ್ಲಿ ಕಟ್ಟಿ "ಬೊಗಳು" ಎಂದರು. ಅದು ಬೊಗಳಲಿಲ್ಲ. ಬಂದ ಕಕ್ಷಿದಾರರನ್ನು ನೋಡಿ ಮುಖ ತಿರುಗಿಸಿತು. ಮಾಮ ಅದಕ್ಕೆ ಬೆತ್ತ ತೋರಿಸಿ ಒಂದು ವಾರ ಉಪನ್ಯಾಸ ಕೊಟ್ಟರು. ಒಂದು ಮುಂಜಾನೆ ಕೆಂಚಿ ತೆಳ್ಳಗಿನ ಕುತ್ತಿಗೆಯನ್ನು ಪಟ್ಟಿಯಿಂದ ಹಿಂದಕ್ಕೆ ಜಾರಿಸಿಕೊಂಡು ಹೊರಟುಹೋಯಿತು. ತೊರವಿಯ ಹತ್ತಿರ ಬಾಣದ ಹಾಗೆ ಹೋದದ್ದನ್ನು ಕಂಡವರಿದ್ದರು. ಮಧ್ಯಾಹ್ನದೊಳಗೆ ಅದು ಟಿಕೋಟಾದ ತನ್ನ ಬೇವಿನ ಮರದ ಕೆಳಗೆ ಮಲಗಿತ್ತಂತೆ.

"ನಾಡ ನಾಯಿಗೆ ನಿಷ್ಠಾ ಇಲ್ಲ" ಎಂದು ಮಾಮ ತೀರ್ಪು ಕೊಟ್ಟರು.

"ತವರಿಗಿ ಹೋಗೇತಿ ಬಿಡ್ರಿ" ಎಂದಳು ಅತ್ತೆ. ಹೇಳುವಾಗ ಅವಳ ಮುಖದಲ್ಲಿ ಸಣ್ಣ ಅಸೂಯೆ ಇದ್ದಂತೆ ನನಗೆ ಕಂಡಿತು.

ಆಮೇಲೆ ಬಂದದ್ದು ಅಲ್ಸೇಷಿಯನ್. ಪುಣೆಗೆ ವರ್ಗವಾಗಿ ಹೊರಟಿದ್ದ ಒಬ್ಬ ಸಾಹೇಬರು ಬಿಟ್ಟುಕೊಟ್ಟದ್ದು. ಬೆನ್ನೆಲ್ಲ ಕಪ್ಪು, ಹೊಟ್ಟೆ ಕಂದು, ಎತ್ತಿದ ಕಿವಿ, ಕುದುರೆಮರಿಯಷ್ಟು ಎತ್ತರ. ಹೆಸರು ಮೇಜರ್. ಮಾಮ ಅದನ್ನು ಅಂಗಳಕ್ಕೆ ತಂದ ದಿನ ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಿಂಡಿಯಿಂದ ಕೇಳಿದಳು: "ಏನ್ರಿ ಅದು?"

"ಅಲ್ಸೇಷಿಯನ್."

"ಅಲಸಂದಿ?"

ಮಾಮ ಬಿಡಿಬಿಡಿಸಿ ಹೇಳಿದರು. ಉಪಯೋಗವಾಗಲಿಲ್ಲ. ಅಂದಿನಿಂದ ಅದು ಅಲಸಂದಿ ನಾಯಿ. ಓಣಿಯವರೂ ಹಾಗೆಯೇ ಕರೆದರು. ಮೇಜರ್ ಎಂಬ ಹೆಸರು ಅತ್ತೆಯ ಬಾಯಲ್ಲಿ ಮ್ಯಾಜಪ್ಪ ಆಯಿತು. "ಇದರ ಅಪ್ಪ ಜರ್ಮನಿಯಿಂದ ಬಂದಾನ" ಎಂದು ಮಾಮ ಬಂದವರಿಗೆಲ್ಲ ಹೇಳುವಾಗ ಒಳಗಿನಿಂದ ಅತ್ತೆ ಗೊಣಗುತ್ತಿದ್ದಳು: "ಅಪ್ಪನ ಹೆಸರು ತಗೊಂಡು ಏನ್ ಮಾಡೂದೈತಿ? ಅದೇನು ಹೊಲದಾಗ ಪಾಲು ಕೇಳತೈತೇನು?"

ಈಗ ಆರೈಕೆಯ ವಿಷಯ. ಪುಸ್ತಕದಲ್ಲಿ ಈ ಜಾತಿಗೆ ದಿನವೂ ಮಾಂಸ ಬೇಕೆಂದಿತ್ತು. ನಮ್ಮದು ಲಿಂಗಾಯತರ ಮನೆ, ಉಳ್ಳಾಗಡ್ಡಿಯನ್ನೇ ಕೆಲವು ದಿನ ದೂರ ಇಡುತ್ತಿದ್ದವರು. "ಮಾಂಸ ಹೊಸ್ತಿಲು ದಾಟಕೂಡದು. ಆದರ ನಾಯಿ ಸಿಂಹದ್ಹಂಗ ಇರಬೇಕು" ಎಂದು ಮಾಮ ಅಪ್ಪಣೆ ಕೊಟ್ಟು ಕೋರ್ಟಿಗೆ ಹೋದರು. ಅಪ್ಪಣೆ ಕೊಡುವುದು ಅವರ ಪಾಲಿನ ಆರೈಕೆ. ಮಿಕ್ಕಿದ್ದು ಅತ್ತೆಯದು. ಅವಳು ಹಾಲಿನಲ್ಲಿ ರೊಟ್ಟಿ ನೆನೆಸಿ ಇಟ್ಟಳು, ಬೇಳೆಯ ಕಟ್ಟು ಇಟ್ಟಳು, ಮೊಸರನ್ನ ಇಟ್ಟಳು. ಜರ್ಮನಿಯ ಮಗ ಎಲ್ಲವನ್ನೂ ತಿಂದು ಇನ್ನೂ ಹಸಿದ ಕಣ್ಣಿನಿಂದ ಅವಳನ್ನೇ ನೋಡುತ್ತಿತ್ತು. ಕೊನೆಗೆ ಹಿತ್ತಲಾಚೆಯ ಮನೆಯ ಹುಸೇನಬಿ, ಗೋಡೆಯ ಮೇಲಿಂದ ಅದರ ಪಕ್ಕೆಲುಬು ನೋಡಿ ಮರುಗಿ, "ಕಳಿಸವ್ವಾ ಇತ್ತಾಗ" ಎಂದಳು. ದಿನವೂ ಮಾಮ ಕೋರ್ಟಿನಲ್ಲಿರುವಾಗ ಮೇಜರ್ ಹಿತ್ತಲ ಬಾಗಿಲಿಂದ ಹೋಗಿ ಹುಸೇನಬಿಯ ಅಂಗಳದಲ್ಲಿ ಎಲುಬಿನ ಸಾರು ಕುಡಿದು, ಬಾಯಿ ಒರೆಸಿಸಿಕೊಂಡು, ಶರಣನಂತೆ ಹಿಂದಿರುಗುತ್ತಿತ್ತು. ಮೈ ತುಂಬಿಕೊಂಡಿತು. "ನೋಡ್ರಿ, ಶುದ್ಧ ಸಸ್ಯಾಹಾರದಾಗ ಬೆಳೆಸೀನಿ" ಎಂದು ಮಾಮ ಕೋರ್ಟಿನ ಬಾರ್ ರೂಮಿನಲ್ಲಿ ಎದೆ ಉಬ್ಬಿಸುತ್ತಿದ್ದರಂತೆ.

ಅತ್ತೆಗೇನೂ ನಾಯಿಯ ವಿದ್ಯೆ ಗೊತ್ತಿರಲಿಲ್ಲ. ಒಮ್ಮೆ ತಂಪಾಗಲಿ ಎಂದು ಅದರ ನೆತ್ತಿಗೆ ಔಡಲೆಣ್ಣೆ ತಟ್ಟಿದ್ದಳು. ಅದು ಆ ತಲೆಯನ್ನು ಮಾಮನ ಗಾದಿಗೆ, ಗೋಡೆಗೆ, ನನ್ನ ಲಂಗಕ್ಕೆ ಉಜ್ಜಿ ಮನೆಯನ್ನೆಲ್ಲ ಎಣ್ಣೆ ಗಾಣ ಮಾಡಿತು. ಆದರೆ ದಿನವಿಡೀ ಜೊತೆಗಿದ್ದವಳಿಗೆ ಒಂದು ವಿಷಯ ಕಣ್ಣಿಗೆ ಕಾಣುತ್ತಿತ್ತು. ಅದರ ಮೈಮೇಲೆ ಎರಡು ಪದರ ಕೂದಲು, ಮೇಲಿನದು ಒರಟು, ಒಳಗಿನದು ಹತ್ತಿ. ನಮ್ಮ ಬೇಸಿಗೆಯಲ್ಲಿ ಅದು ಬೆಳಗಾದರೆ ನಾಲಿಗೆ ಹೊರಹಾಕಿ ತೇಕುತ್ತಿತ್ತು. ಅತ್ತೆ ಬಚ್ಚಲ ಕಲ್ಲಿನ ಮೇಲೆ ಒದ್ದೆ ಗೋಣಿಚೀಲ ಹಾಸಿ ಅಲ್ಲಿ ಮಲಗಿಸುತ್ತಿದ್ದಳು. ಮಾಮ ಬಂದು ಗದರುತ್ತಿದ್ದರು: "ರಾಜನ್ಹಂಗ ಬಾಗಲಾಗ ಕೂಡೂ ನಾಯಿ ಇದು. ಬಚ್ಚಲಾಗ ಹಾಕೀಯಲ್ಲ!"

"ನೀವು ಮನಿಗಿ ಬಂದ ಕೂಡ್ಲೆ ಕೋಟು ಕಳೀತೀರಿ" ಎಂದಳು ಅತ್ತೆ. "ಅದರ ಕೋಟಿಗಿ ಗುಂಡಿ ಇಲ್ಲರಿ."

ಮೂರನೆಯದು ಡೈಸಿ. ಬಿಳಿ ಪಾಮೇರಿಯನ್, ಸೊಲ್ಲಾಪುರದ ಸ್ನೇಹಿತರೊಬ್ಬರ ಕಾಣಿಕೆ. ಅತ್ತೆಯ ಬಾಯಲ್ಲಿ ದ್ಯಾಸವ್ವ. ಪುಸ್ತಕ ಇದನ್ನು "ಹರ್ಷಚಿತ್ತ" ಎಂದಿತ್ತು. ಗಡಿಯಾರ ಹೊಡೆದರೆ ಬೊಗಳುವುದು, ಕಾಗೆ ಕೂತರೆ ಬೊಗಳುವುದು, ಯಾರೂ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಬೊಗಳುವುದು ಹರ್ಷವಾದರೆ ಹೌದು, ಅಂಥ ಹರ್ಷಚಿತ್ತೆಯನ್ನು ನಾನು ಮತ್ತೆ ಕಂಡಿಲ್ಲ. ಅದರ ಕೂದಲನ್ನು ದಿನವೂ ಬಾಚಬೇಕು, ಬಿಟ್ಟರೆ ಉತ್ತರಾಣಿಯ ಮುಳ್ಳು ಸೇರಿ ಗಂಟು ಕಟ್ಟುತ್ತದೆ, ಗಂಟಿನೊಳಗೆ ಉಣ್ಣಿಹುಳ ಮನೆ ಮಾಡುತ್ತವೆ. ಬಾಚುವವಳು ಯಾರು ಎಂದು ಹೇಳಬೇಕಾಗಿಲ್ಲ.

ನಾನು ಮಾತ್ರ ಡೈಸಿ ಬಂದದ್ದಕ್ಕೆ ಕುಣಿದೆ. ಆಗ ನಾನು ಕಾಲೇಜು ಮೆಟ್ಟಿಲು ಹತ್ತಿದ್ದೆ, ಎರಡು ಜಡೆ ಬಿಟ್ಟು ಒಂದು ಜಡೆ ಹಾಕತೊಡಗಿದ್ದೆ. ಡೈಸಿಯ ಕೊರಳಿಗೆ ಗುಲಾಬಿ ರಿಬ್ಬನ್ ಕಟ್ಟಿ, ಎದೆಗವಚಿಕೊಂಡು, ಸಿನಿಮಾ ನಾಯಕಿಯ ನಡಿಗೆಯಲ್ಲಿ ಸೊಲ್ಲಾಪುರ ರಸ್ತೆಯುದ್ದಕ್ಕೂ ಹೊರಟೆ. ಗಾಲಿಗೆ ಪಟ್ಟಿ ಹಾಕುವ ಅಂಗಡಿಯ ಮುಂದೆ ಕೂತಿದ್ದ ಗಾಡಿಯವನೊಬ್ಬ ಕೂಗಿ ಕೇಳಿದ: "ತಂಗೀ, ಹತ್ತಿ ಯಾವ ಪ್ಯಾಟಿಗಿ ಒಯ್ಯಾಕತ್ತೀಬೇ?" ಅಂಗಡಿಯೆಲ್ಲ ನಕ್ಕಿತು. ಡೈಸಿ ಬೊಗಳಿತು. ನಾಯಕಿ ಅಡ್ಡ ಓಣಿ ಹಿಡಿದು ಮನೆ ಸೇರಿದಳು.

ಹೀಗೆ ನಡೆದಿತ್ತು. ಅಷ್ಟರಲ್ಲಿ ಬಬಲೇಶ್ವರದಲ್ಲಿ ನನ್ನ ಅಣ್ಣನ ಮದುವೆ ಗೊತ್ತಾಯಿತು. ಸುಡು ಬೇಸಿಗೆಯ ಮುಹೂರ್ತ. ಸೋದರಮಾವನೆಂದರೆ ಮದುವೆಯಲ್ಲಿ ಮೊದಲ ಮಾನದವನು. ಆ ಮಾನ ಸಾಲದೆಂದು ತೋರಿತೋ ಏನೋ, ಮಾಮ ಮೇಜರನ್ನೂ ಕರೆದೊಯ್ಯುವುದೆಂದು ನಿಶ್ಚಯಿಸಿದರು. ಬೀಗರ ಕಡೆ ದೊಡ್ಡ ಒಕ್ಕಲುತನದವರು, ಅವರೆದುರು ನಮ್ಮ ಕಡೆಗೂ ಒಂದು ಘನತೆ ಬೇಡವೇ ಎಂಬುದು ಅವರ ವಾದ.

"ಬಿಸಲಾಗ ಅದನ್ನ ಯಾಕರಿ? ಹುಸೇನಬಿ ನೋಡಕೋತಾಳ" ಎಂದು ಅತ್ತೆ ಹೇಳಿದಳು. ಮಾಮ ಪುಸ್ತಕ ತೆರೆದು ತೋರಿಸಿದರು. ಯುದ್ಧಭೂಮಿಯಲ್ಲಿ ಗುಂಡಿನ ನಡುವೆ ಓಡಿದ ಜಾತಿ ಅದು, ಬಬಲೇಶ್ವರದ ಬಿಸಿಲಿಗೆ ಅಂಜುತ್ತದೆಯೇ? ಡೈಸಿಯನ್ನು ಹುಸೇನಬಿಗೆ ಒಪ್ಪಿಸಿ, ಅತ್ತೆ ಮತ್ತು ನಾನು ಮುಂಚಿತವಾಗಿ ಬಸ್ಸಿನಲ್ಲಿ ಹೋದೆವು. ಮದುವೆಯ ಬೆಳಿಗ್ಗೆ ಮಾಮ ಯಾರದೋ ತೆರೆದ ಜೀಪಿನಲ್ಲಿ ಬಂದರು, ಪಕ್ಕದ ಸೀಟಿನಲ್ಲಿ ಮೇಜರ್. ಕೊರಳಿಗೆ ಹಿತ್ತಾಳೆ ಮೊಳೆ ಹೊಡೆದ ಹೊಸ ಪಟ್ಟಿ. ಬೀಗರು ಬರುವುದು ತಡವಾಯಿತು. ಜೀಪು ಊರ ಅಗಸಿ ಬಾಗಿಲ ಹೊರಗೆ ಬಯಲಿನಲ್ಲಿ ನಿಂತಿತ್ತು, ನಾಯಿ ಅದರಲ್ಲಿ ಕಟ್ಟಿಹಾಕಿಸಿಕೊಂಡು ಕೂತಿತ್ತು. ನನ್ನ ತಮ್ಮ ಒಂದು ತಂಬಿಗೆ ನೀರು ಒಯ್ದರೆ ಮಾಮ ಬೇಡವೆಂದರಂತೆ. ನೀರು ಕುಡಿದರೆ ಜೊಲ್ಲು ಸುರಿಸುತ್ತದೆ, ಬೀಗರೆದುರು ಚಂದ ಕಾಣುವುದಿಲ್ಲ.

ಸೂರ್ಯ ನೆತ್ತಿಗೆ ಬಂದ ಮೇಲೆ ಬೀಗರು ಬಂದರು. ಅಗಸಿಯಿಂದ ನಮ್ಮ ಮನೆಯ ಹಂದರದವರೆಗೆ ಮೆರವಣಿಗೆ. ಮುಂದೆ ಹಲಗೆ ಬಾರಿಸುವವರು, ಅವರ ಹಿಂದೆ ಕರಿ ಕೋಟಿನಲ್ಲಿ ಮಾಮ, ಮಾಮನ ಕೈಯಲ್ಲಿ ಮೇಜರ್. ಓಣಿಗೆಲ್ಲ ಹಾಸುಗಲ್ಲು. ಬರಿಗಾಲಿನಲ್ಲಿ ನಿಂತ ನಾನೇ ನೆರಳಿನಿಂದ ನೆರಳಿಗೆ ಜಿಗಿಯುತ್ತಿದ್ದೆ. ಮೇಜರ್ ಮುಂಗಾಲು ಎತ್ತಿತು, ಇಳಿಸಿತು. ಇನ್ನೊಂದನ್ನು ಎತ್ತಿತು, ಹಿಂಗಾಲು ಎತ್ತಿತು. ಹಲಗೆಯ ಪೆಟ್ಟು ಜೋರಾದ ಹಾಗೆ ಅದರ ಕಾಲೂ ಜೋರಾಯಿತು.

"ಏ, ನಾಯಿ ಕುಣ್ಯಾಕತ್ತೈತಿ ನೋಡ್ರೋ!" ಎಂದು ಯಾರೋ ಕೂಗಿದರು. ಜನ ಕೇಕೆ ಹಾಕಿತು. ಬೀಗರು ಬೆರಗಾಗಿ ನಿಂತರು. ಹಲಗೆಯವರಿಗೂ ಹುರುಪು ಬಂದು ಇನ್ನಷ್ಟು ಬಾರಿಸಿದರು.

ಮಾಮ ಮೀಸೆ ತಿರುವಿಕೊಂಡರು. "ತಾಳ ಗೊತ್ತದ ಅದಕ್ಕ" ಎಂದರು. "ಆ ಜಾತಿನ ಅಂಥಾದ್ದು."

ಹಂದರದ ಬಾಗಿಲಿಗೆ ಬಂದಾಗ ಅದು ಕುಣಿತ ನಿಲ್ಲಿಸಿತು. ಒಮ್ಮೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಹಿಂಗಾಲು ಮಡಚಿ ಕುಸಿದುಬಿಟ್ಟಿತು. ಬಾಯಲ್ಲಿ ನೊರೆ, ಕಣ್ಣು ಮೇಲಕ್ಕೆ. ನಾಲಿಗೆ ಕಲ್ಲಿನ ಮೇಲೆ ಬಿದ್ದಿತ್ತು. ಹಲಗೆ ನಿಂತಿತು. ಮಾಮ ಹಗ್ಗ ಜಗ್ಗಿ, "ಮೇಜರ್! ಅಪ್! ಅಪ್!" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಜನ ಎರಡು ಹೆಜ್ಜೆ ಹಿಂದೆ ಸರಿದು, ಹುಚ್ಚು ಹಿಡಿದಿರಬೇಕು ಎಂದು ಪಿಸುಗುಟ್ಟಿತು.

ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆಯನ್ನು ನನ್ನ ಕೈಗೆ ತುರುಕಿದಳು. ನಮ್ಮಲ್ಲಿ ಮದುವೆಗೆ ಸುರಿಗಿ ಎಂದು ಒಂದು ಶಾಸ್ತ್ರವುಂಟು. ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಸುತ್ತ ಹಸಿ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರೆರೆಯುವುದು. ಅದಕ್ಕೆಂದು ಮುತ್ತೈದೆಯರು ಹಾಡು ಹೇಳುತ್ತ ಸೇದಿ ತಂದ ತಣ್ಣೀರು ಹಂದರದಲ್ಲಿ ಸಿದ್ಧವಾಗಿತ್ತು, ತಂಬಿಗೆಗಳಿಗೆ ನೂಲೂ ಸುತ್ತಿಯಾಗಿತ್ತು. ಅತ್ತೆ ಹೋಗಿ ಆ ನೂಲನ್ನು ಕೈಯಿಂದ ಕಿತ್ತಳು. ಒಂದು ತಂಬಿಗೆ ಎತ್ತಿ ನಾಯಿಯ ಹೊಟ್ಟೆಯ ಮೇಲೆ ಸುರಿದಳು. ಇನ್ನೊಂದನ್ನು ತಲೆಗೆ. ತಂಬಿಗೆ ತೀರಿದ ಮೇಲೆ ಪಕ್ಕದ ಕೊಡವನ್ನೇ ಎತ್ತಿಕೊಂಡಳು.

"ಏ ಯವ್ವಾ! ಸುರಿಗಿ ನೀರು! ಮದುಮಕ್ಕಳ ನೀರು!" ಎಂದು ಹೆಂಗಸರು ಕಿರುಚಿದರು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಎದೆಯ ಮೇಲೆ ಕೈ ಇಟ್ಟುಕೊಂಡರು. ಅತ್ತೆ ಯಾರ ಕಡೆಗೂ ನೋಡಲಿಲ್ಲ. ನೆಲದ ಮೇಲೆ ಕೂತು, ರೇಷ್ಮೆ ಸೀರೆಯ ಸೆರಗನ್ನು ನೀರಿನಲ್ಲಿ ಅದ್ದಿ ನಾಯಿಯ ಬಾಯಿ ಒರೆಸಿದಳು, ಒಂದೊಂದೇ ಪಾದ ಎತ್ತಿ ಒದ್ದೆ ಸೆರಗಿನಲ್ಲಿ ಸುತ್ತಿದಳು. ಪಾದದ ಚರ್ಮ ಸುಲಿದು ಕೆಂಪಾಗಿತ್ತು. ಕುಣಿತವೆಂದು ಕೇಕೆ ಹಾಕಿದವರೆಲ್ಲ ಅದನ್ನು ನೋಡಿದರು.

ಆರತಿ ತಟ್ಟೆ ಹಿಡಿದ ನಾನು ಮದುವೆ ನಿಂತೇಹೋಯಿತೆಂದುಕೊಂಡೆ. ಬೀಗರಲ್ಲಿ ಗುಸುಗುಸು ಶುರುವಾಗಿತ್ತು, ಅಪಶಕುನ ಎಂಬ ಮಾತು ಎರಡು ಬಾಯಿ ದಾಟಿತ್ತು. ಆಗ ನನ್ನ ಆಯಿ ಕೋಲೂರಿಕೊಂಡು ಹೊರಗೆ ಬಂದಳು. ನಾಯಿಯನ್ನು ನೋಡಿದಳು, ಅಯ್ಯನವರನ್ನು ನೋಡಿದಳು.

"ಬಾವಿ ಬತ್ತೇತೇನು?" ಎಂದು ಕೇಳಿದಳು.

ಅಯ್ಯನವರು ಎದೆಯ ಮೇಲಿಂದ ಕೈ ತೆಗೆದರು.

"ಬತ್ತಿಲ್ಲಂದ್ರ ಇನ್ನೊಮ್ಮಿ ಸೇದ್ರಿ. ಹಾಡೂ ಇನ್ನೊಮ್ಮಿ ಹಾಡ್ರಿ. ಬಾಗಲಾಗ ಒಂದು ಜೀವ ಸತ್ತು ಮದವಿ ಆಗೂಕಿಂತ ಎರಡ ಸಲ ನೀರು ಸೇದೂದು ಚಲೋ."

ನೀರು ಮತ್ತೆ ಸೇದಿದರು. ಮದುವೆ ಆಯಿತು. ಅಣ್ಣನ ಸಂಸಾರ ಚೆನ್ನಾಗಿಯೇ ನಡೆಯಿತು ಎಂದು ಹೇಳಿಬಿಡುತ್ತೇನೆ, ಅಪಶಕುನದವರ ಸಮಾಧಾನಕ್ಕೆ.

ಊಟದ ಪಂಕ್ತಿಗಳು ಮುಗಿದ ಮೇಲೆ ಮಾಮ ಕೊಟ್ಟಿಗೆಗೆ ಬಂದರು. ಅಲ್ಲಿ ಒದ್ದೆ ಗೋಣಿಯ ಮೇಲೆ ಮೇಜರ್ ಮಲಗಿತ್ತು. ಕಣ್ಣು ಸರಿಯಾದ ಜಾಗಕ್ಕೆ ಬಂದಿತ್ತು. ಅತ್ತೆ ಅಂಗೈಯಲ್ಲಿ ನೀರು ಹಿಡಿದು ಕುಡಿಸುತ್ತಿದ್ದಳು. ನಾನೂ ಅಲ್ಲೇ ಇದ್ದೆ. ನಾನಿದ್ದೇನೆಂಬುದು ಮಾಮನಿಗೆ ಲೆಕ್ಕಕ್ಕೇ ಬರಲಿಲ್ಲ.

"ನಾಲ್ಕ ಮಂದ್ಯಾಗ ನನ್ನ ಮಾನಾ ಕಳದಿ" ಎಂದರು.

ಅತ್ತೆ ತಲೆ ಎತ್ತಿದಳು. "ನಿಮ್ಮ ಮಾನಾ ಬಿಸಲಾಗ ನಿಂತಿತ್ತರಿ" ಎಂದಳು. "ನಾಲಗಿ ಹೊರಗ ಬಿದ್ದಿತ್ತು. ಅದಕ್ಕ ನಾ ನೀರು ಹಾಕೀನಿ."

ವಕೀಲರು ಬಾಯಿ ತೆರೆದರು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ನಡೆದರು. ಮಾಮ ವಾದವನ್ನು ಅರ್ಧಕ್ಕೇ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೊತ್ತು ಇಳಿದು ತಂಪಾದಾಗ, ಮದುವೆಗೆ ಬಂದಿದ್ದ ಅತ್ತೆಯ ಅಣ್ಣ ಮಲ್ಲಪ್ಪ ಟಿಕೋಟಾಕ್ಕೆ ಹೊರಡಲು ಗಾಡಿ ಹೂಡಿದ. ಅತ್ತೆ ಗಾಡಿಯಲ್ಲಿ ಹುಲ್ಲು ಹಾಸಿ ನಾಯಿಯನ್ನು ಮಲಗಿಸಿ ತಾನೂ ಹತ್ತಿದಳು. ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

"ಎಷ್ಟ ದಿನಕ್ಕ ಹೊಂಟೀದಿ?" ಎಂದು ಮಾಮ ಕೇಳಿದರು. ದನಿ ಅಷ್ಟೇನೂ ದೊಡ್ಡದಿರಲಿಲ್ಲ.

"ಇದರ ಕಾಲು ಮಾಯೂ ತನಕ."

ನಾಯಿಯ ಕಾಲು ಮಾಯಲು ಎಷ್ಟು ದಿನ ಬೇಕು? ಮಾಮನ ಪುಸ್ತಕದಲ್ಲಿ ಅದೊಂದು ಇರಲಿಲ್ಲ. ರಜೆಯಲ್ಲಿ ಊರಲ್ಲೇ ಮಾವಿನಕಾಯಿ ತಿನ್ನುತ್ತ ಇರಬೇಕಾಗಿದ್ದ ನನ್ನನ್ನು, "ವಕೀಲರ ಊಟಕ್ಕ ತ್ರಾಸ ಆಗ್ತೈತಿ" ಎಂದು ಅವ್ವ ಮಾಮನ ಜೊತೆ ವಿಜಾಪುರಕ್ಕೆ ಕಳಿಸಿದಳು. ನನ್ನ ಅಡುಗೆ ಹೇಗಿತ್ತೆಂದರೆ, ನಾನು ತಟ್ಟಿದ ರೊಟ್ಟಿಯಲ್ಲಿ ಭಾರತದ ನಕಾಶೆ ಕಾಣುತ್ತದೆಂದು ಮಾಮ ಹೇಳಿದರು. ಎರಡನೆಯ ದಿನ ಸಿಂಹಳವೂ ಕಾಣಿಸಿತು. ಅಡುಗೆ ನನ್ನದಾದ್ದರಿಂದ ನಾಯಿ ಮಾಮನದಾಯಿತು. ಹುಸೇನಬಿ ಡೈಸಿಯನ್ನು ಗೋಡೆಯ ಮೇಲಿಂದ ಹಿಂದಿರುಗಿಸಿ, "ತಗೋರಿ ವಕೀಲ್ ಸಾಬ್, ನನ್ನ ಕಿವಿ ಹೋತು" ಎಂದು ಕೈ ತೊಳೆದುಕೊಂಡಳು.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ಒಳಗೊಳಗೇ ತಂಪಾಗುತ್ತದೆ. ಡೈಸಿ ಅತ್ತೆಯ ಕೈಯಿಂದಲ್ಲದೆ ತಿನ್ನುತ್ತಿರಲಿಲ್ಲ. ಮಾಮ ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ, ಹಾಲನ್ನದ ತಟ್ಟೆ ಹಿಡಿದು, ಮಂಚದ ಕೆಳಗೆ ತಲೆ ತೂರಿಸಿ "ಡೈಸಿ ಡಾರ್ಲಿಂಗ್" ಎನ್ನುತ್ತಿದ್ದರು. ಡಾರ್ಲಿಂಗ್ ಗುರ್ರೆನ್ನುತ್ತಿತ್ತು. ಬಾಚದೆ ಬಿಟ್ಟ ಕೂದಲು ಗಂಟುಗಂಟಾಯಿತು. ಒಂದು ಭಾನುವಾರ ಮಾಮ ಹಣಿಗೆ ಹಿಡಿದು ಕೂತರು, ನಾನು ಪಕ್ಕದಲ್ಲಿ ಪುಸ್ತಕ ತೆರೆದು ಓದುತ್ತಿದ್ದೆ: ಮೃದುವಾಗಿ, ಬುಡದಿಂದ ತುದಿಗೆ. ಮೊದಲ ಗಂಟಿಗೇ ಡೈಸಿ ಅವರ ಹೆಬ್ಬೆರಳನ್ನು ಕಚ್ಚಿತು.

"ಇದು ಈ ಜಾತಿ ಸ್ವಭಾವ ಅಲ್ಲ!" ಎಂದು ಮಾಮ ಬೆರಳು ಬಾಯಲ್ಲಿಟ್ಟುಕೊಂಡೇ ಚೀರಿದರು. "ಪುಸ್ತಕದಾಗ ಹಿಂಗಿಲ್ಲ!"

ಡೈಸಿ ಆ ಪುಸ್ತಕ ಓದಿರಲಿಲ್ಲ. ಮಾಮ ಕತ್ತರಿ ತಂದು ಗಂಟು ಕಂಡಲ್ಲೆಲ್ಲ ಕತ್ತರಿಸಿದರು. ಮುಗಿಯುವ ಹೊತ್ತಿಗೆ ಅದು ಇಲಿ ಕಡಿದ ಗಾದಿಯಂತಾಗಿತ್ತು. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಮಾಮ ಕೋರ್ಟಿಗೆ ಹೋದರೆ, ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತದೆಂದು ಜೊತೆಯ ವಕೀಲರು ಹೆದರಿಸಿ ಕಳಿಸಿದರು. ಡಾಕ್ಟರು ಡೈಸಿಯನ್ನು ನೋಡಿ, ನಾಯಿ ಆರೋಗ್ಯವಾಗಿದೆ, ಸಿಟ್ಟಿನಲ್ಲಿದೆ ಅಷ್ಟೇ ಎಂದರು. ಈ ಮಧ್ಯೆ ಟಿಕೋಟಾದಿಂದ ಬಂದವರನ್ನೆಲ್ಲ ಮಾಮ ಕೇಳುತ್ತಿದ್ದರು, ಮೇಜರನ ಕಾಲು ಹೇಗಿದೆ ಎಂದು. ಅತ್ತೆ ಹೇಳಿ ಕಳಿಸುತ್ತಿದ್ದದ್ದು ಒಂದೇ ಮಾತು: "ಇನ್ನೂ ಮಾಯ್ದಿಲ್ಲ." ಹೇಳಲು ಬಂದವರೇ ಆಮೇಲೆ ನನ್ನ ಹತ್ತಿರ, ನಾಯಿ ಬಾವಿ ದಂಡೆಯ ಮೇಲೆ ಕೋಳಿ ಅಟ್ಟಿಸಿಕೊಂಡು ತಿರುಗುತ್ತಿದೆ ಎಂದು ನಗುತ್ತಿದ್ದರು.

ಮೊದಲ ಮಳೆ ಬಿದ್ದ ಮೇಲೆ ಮಾಮ ಸೋತರು. ಬುಟ್ಟಿಯಲ್ಲಿ ಡೈಸಿಯನ್ನಿಟ್ಟು, ನನ್ನನ್ನೂ ಕರೆದುಕೊಂಡು ಟಿಕೋಟಾ ಬಸ್ಸು ಹತ್ತಿದರು. ಅತ್ತೆಯ ತವರಿನ ತೋಟದಲ್ಲಿ ದೊಡ್ಡ ಬೇವು, ಪಕ್ಕದಲ್ಲಿ ಬಾವಿ. ಮೇಜರ್ ಕಾಲುವೆಯ ಹಸಿ ಮಣ್ಣಿನಲ್ಲಿ ತಾನೇ ಗುಂಡಿ ತೋಡಿಕೊಂಡು ಹೊಟ್ಟೆ ತಂಪು ಮಾಡಿಕೊಳ್ಳುತ್ತಿತ್ತು. ಅದರಿಂದ ದೂರದಲ್ಲಿ ಕೆಂಚಿ ಬಯಲು ನೋಡುತ್ತ ಕೂತಿತ್ತು. ಅತ್ತೆ ಮರದ ಬುಡದಲ್ಲಿ ಶೇಂಗಾ ಒಡೆಯುತ್ತಿದ್ದಳು. ಮುಖ ತುಂಬಿಕೊಂಡಿತ್ತು, ವಿಜಾಪುರದಲ್ಲಿ ನಾನೆಂದೂ ಕಾಣದ ಬಣ್ಣ ಬಂದಿತ್ತು.

ಮಾಮ ಹವಾಮಾನದ ಮಾತಾಡಿದರು, ಬಸ್ಸಿನ ಗದ್ದಲದ ಮಾತಾಡಿದರು. ಆಮೇಲೆ, "ಮನಿಗಿ ಬಾ ಅಂತೀನಿ" ಎಂದರು.

"ಬರ್ತೀನ್ರಿ" ಎಂದಳು ಅತ್ತೆ, ಶೇಂಗಾದಿಂದ ಕಣ್ಣು ತೆಗೆಯದೆ. "ಆದರ ಮ್ಯಾಜಪ್ಪ ಬರೂದಿಲ್ಲ. ಇಲ್ಲೆ ಇರ್ತಾನ."

"ಅದು ನನ್ನ ನಾಯಿ."

"ನಿಮ್ಮ ನಾಯಿ ಹಂದರದ ಬಾಗಲಾಗ ಸತ್ತೈತ್ರಿ. ಇದು ಬ್ಯಾರೆ."

ಮಾಮ ಬೆತ್ತದಿಂದ ಮಣ್ಣು ಗೀಚಿದರು. "ಡೈಸಿ?"

ಅತ್ತೆ ಬುಟ್ಟಿಯೊಳಗೆ ಇಣುಕಿ ನೋಡಿ, ಇಲಿ ಕಡಿದ ಗಾದಿ ಕಂಡು, ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕಳು. "ದ್ಯಾಸವ್ವ ಬೇಕಾದ್ರ ಬರ್ಲಿ. ಆದರ ಹಣಗಿ ನಿಮ್ಮ ಕೈಯಾಗ ಇರಬೇಕು. ಊಟಾ ನೀವ ಹಾಕಬೇಕು, ಉಣ್ಣಿ ನೀವ ಕೀಳಬೇಕು. ನಾ ನೋಡಕೋತ ಕುಂದ್ರತೀನಿ."

ಮಾಮ ಒಪ್ಪಿದರು. ಒಪ್ಪಿದ್ದನ್ನು ನಡೆಸಿದರು ಕೂಡ, ಅಷ್ಟರ ಮಟ್ಟಿಗೆ ಅವರನ್ನು ಹೊಗಳುತ್ತೇನೆ. ಅದಾದ ಮೇಲೆ ವರ್ಷಗಟ್ಟಲೆ ಸೊಲ್ಲಾಪುರ ರಸ್ತೆಯಲ್ಲಿ ಹೋಗಿಬರುವವರೆಲ್ಲ, ಕೋರ್ಟಿಗೆ ಹೋಗುವ ಮುನ್ನ ಕಟ್ಟೆಯ ಮೇಲೆ ಕೂತು ನಾಯಿಯ ತಲೆ ಬಾಚುವ ವಕೀಲರನ್ನು ಕಂಡರು. ಅತ್ತೆ ಚಹಾದ ಬಟ್ಟಲು ಹಿಡಿದು ಹಿಂದೆ ಕೂತು, "ಕಿವಿ ಹಿಂದ ಉಳದೈತಿ ನೋಡ್ರಿ" ಎನ್ನುತ್ತಿದ್ದಳು. ಡೈಸಿ ಆಮೇಲೂ ಒಂದೆರಡು ಸಲ ಅವರನ್ನು ಕಚ್ಚಿತು. ಅವರು ಪುಸ್ತಕ ತೆಗೆಯಲಿಲ್ಲ, ಹಣಿಗೆಯನ್ನು ನಿಧಾನ ಮಾಡಿದರು. ಹೊಸ ನಾಯಿ ತರುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಆದರೆ ಟಿಕೋಟಾಕ್ಕೆ ಹೋದಾಗಲೆಲ್ಲ ಮಾಮನಿಗೆ ಒಂದು ಆಸೆ ಉಳಿದಿತ್ತು. ಮೇಜರ್ ತನ್ನನ್ನು ಕಂಡು ಎದ್ದು ಓಡಿ ಬರಬೇಕು, ಮಲ್ಲಪ್ಪನ ಮನೆಯವರೆಲ್ಲ ಅದನ್ನು ನೋಡಬೇಕು. ಒಂದು ಸುಗ್ಗಿಯಲ್ಲಿ ನಾವು ಮೂವರೂ ಹೋಗಿದ್ದೆವು. ಮೇಜರ್ ಆಗ ಮೂತಿಯ ಸುತ್ತ ಬೆಳ್ಳಗಾಗಿತ್ತು. ತೋಟದ ಬಾಗಿಲಲ್ಲಿ ಅತ್ತೆಯ ದನಿ ಕೇಳಿ ಓಡಿ ಬಂದು, ಅವಳ ಸುತ್ತ ಎರಡು ಸುತ್ತು ಹಾಕಿ, ಮತ್ತೆ ಹೋಗಿ ನೆರಳಿನಲ್ಲಿ ಮಲಗಿತ್ತು. ಮಾಮ ಹಿಂದಿನಿಂದ ಬಂದವರು ಬೆತ್ತವನ್ನು ಮರಕ್ಕೆ ಒರಗಿಸಿ, ಕೋಟು ಸರಿಮಾಡಿಕೊಂಡು, ಹಳೆಯ ಗತ್ತಿನಲ್ಲಿ ಕರೆದರು: "ಮೇಜರ್! ಕಮ್!"

ಮೇಜರ್ ತಲೆ ಎತ್ತಿತು. ಮಾಮನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿತು. ಮತ್ತೆ ತಲೆಯನ್ನು ಮುಂಗಾಲಿನ ಮೇಲಿಟ್ಟು ಕಣ್ಣು ಮುಚ್ಚಿತು.

ಮಾಮ ಮರಕ್ಕೆ ಒರಗಿಸಿದ್ದ ಬೆತ್ತವನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ನಕ್ಕಂತೆ ಮಾಡಿ, "ವಯಸ್ಸಾತು ಪಾಪ. ಗುರುತು ಹಿಡೀಲಿಲ್ಲ" ಎಂದರು.

"ಗುರುತು ಹಿಡದೈತ್ರಿ" ಎಂದಳು ಅತ್ತೆ. "ಅದಕ್ಕ ಏಳಲಿಲ್ಲ."